ರಸ್ತೆಯಾಚೆಯಿಂದ ಹೊಡೆದ ಬೆಲ್

ಪ್ರತಿ ಭಾನುವಾರ ಆರಾಧನೆ ಮುಗಿಸಿ ಅಪ್ಪ, ಅಮ್ಮ, ನಾನು ಹಾಸನದಿಂದ ನಮ್ಮ ನಮ್ಮ ಸೈಕಲ್ಲುಗಳಲ್ಲಿ ಹೊರಟು, ಮನೆಯಿಲ್ಲದವರಿಗೆ ಊಟ ಕೊಟ್ಟು, ಅವರೊಡನೆ ಪ್ರಾರ್ಥನೆ ಮಾಡಿ ಬರುತ್ತೇವೆ. ಬಂದೆವೆಂದು ತಿಳಿಸಲು ಮೂರು ಸಲ ಬೆಲ್ ಹೊಡೆಯುವುದು ರೂಢಿ. ಆ ದಿನ ಶಾಂತಿಗ್ರಾಮದಲ್ಲಿ ಹೆದ್ದಾರಿ ದಾಟುವ ಮೊದಲೇ ನಾನು ಬೆಲ್ ಹೊಡೆದೆ. ಎದುರಿನ ಬಸ್ ತಂಗುದಾಣದಲ್ಲಿ ನಮ್ಮ ಊಟಕ್ಕಾಗಿ ಕಾಯುತ್ತಿದ್ದ ಮನೆಯಿಲ್ಲದ ತಾತನೊಬ್ಬ ಎದ್ದು ನೇರ ರಸ್ತೆಗಿಳಿದುಬಿಟ್ಟ. ಬಸ್ಸೊಂದು ರಭಸದಿಂದ ಬರುತ್ತಿತ್ತು. ಅಮ್ಮ ಸೈಕಲ್ಲನ್ನು ರಸ್ತೆಯಲ್ಲೇ ಕೆಡವಿ ಓಡಿ, ತಾತನನ್ನು ಬದಿಗೆಳೆದಳು. ಅವಳ ಸೈಕಲ್ ಬಸ್ಸಿನ ಚಕ್ರದಡಿ ನಜ್ಜುಗುಜ್ಜಾಯಿತು.

"ನೋಡ್ಕಂಡ್ ಬರಬಾರ್ದಾ ತಾತ?" ಅಮ್ಮ ಗದರಿದಳು.

"ನೀವೇ ಕರುದ್ರಲ್ಲವ್ವಾ, ಅದ್ಕೇ ಬಂದೆ ಕಣವ್ವಾ. ಅನ್ನ ಚೆಲ್ಲೋಯ್ತಾ?"

ಆ ಬಸ್ಸಿನ ಬ್ರೇಕಿನ ಸದ್ದು ಈಗಲೂ ನನ್ನನ್ನು ಬೆಚ್ಚಿಸುತ್ತದೆ. ಮುಂದಿನ ಭಾನುವಾರ ಅಮ್ಮ ನನ್ನ ಸೈಕಲ್ ಹತ್ತಿದಳು. ಹಿಂದೆ ಊಟದ ಡಬ್ಬಿ ಹಿಡಿದು ಕುಳಿತ ನನಗೆ ಅವಳ ಮಗಳೆಂಬ ಹೆಮ್ಮೆ. ರಸ್ತೆ ದಾಟಿ, ತಾತನ ಮುಂದೆ ನಿಂತ ಮೇಲೆಯೇ ಅವಳು ಬೆಲ್ ಹೊಡೆದಳು.