ಪರದೆಯ ಮೇಲಿನ ಕೆಂಪು ಸಾಲು

ದೆವ್ವ, ಶಕುನ, ಕಣಿ ಎಂದವರನ್ನು ಎದುರಿಗೇ ಗೇಲಿ ಮಾಡುತ್ತಿದ್ದವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನಗುವುದಾದರೆ ನಗಿ.

ತಮಿಳು ಸೀಮೆಯ ನಮ್ಮೂರು ಸಿರುಮುಗೈಯಲ್ಲಿ ನಾನೂ ಅಣ್ಣನೂ ಒಂದೇ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದೆವು. ಅಣ್ಣ ತನ್ನ ಮಗಳ ಮದುವೆ ಸೀರೆಗೆಂದು ತಿಂಗಳುಗಟ್ಟಲೆ ಕೂತು ಗ್ರಾಫ್ ಕಾಗದದ ಮೇಲೆ ಒಂದು ಸೆರಗಿನ ಚಿತ್ತಾರ ಬರೆದ. ಮದುವೆಯಾಗುವವರೆಗೆ ಅದು ಇನ್ನೊಬ್ಬಳ ಮೈಮೇಲೆ ಕಾಣಬಾರದೆಂದು ಹೇಳಿ, ಕಾಗದವನ್ನು ನನ್ನ ಬೀರುವಿನಲ್ಲಿಡಲು ಕೊಟ್ಟ. ನಾನು ಮಾತು ಕೊಟ್ಟೆ. ಅದಾದ ವಾರಕ್ಕೇ ಅಣ್ಣ ನಾಲ್ಕು ಜನ ನೇಕಾರರ ಎದುರು ನನ್ನ ಕಂಪ್ಯೂಟರ್ ಆಟದ ಹುಚ್ಚನ್ನು ಎತ್ತಿ, "ಕಂಪ್ಯೂಟರ್‌ನಾಗೆ ರಾಜ್ಯ ಆಳೋನಿಗೆ ಮಗ್ಗ ಎಲ್ಲಿ ಒಲೀತದೆ?" ಎಂದುಬಿಟ್ಟ. ಎಲ್ಲರೂ ಹೋ ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಮಾವಾಸ್ಯೆಯಂದು ನಮ್ಮವರು ಮಗ್ಗಕ್ಕೆ ಇಳಿಯುವುದಿಲ್ಲ. ಆ ಸಲದ ಅಮಾವಾಸ್ಯೆಯ ಬೆಳಿಗ್ಗೆಯೇ ಬಸ್ಸು ಹತ್ತಿ ಪಟ್ಟಣದ ಗಾಂಧಿಪುರಂಗೆ ಹೋಗಿ, ಒಬ್ಬ ಸೀರೆ ವ್ಯಾಪಾರಿಗೆ ಆ ಕಾಗದದ ಜೆರಾಕ್ಸ್ ಕೊಟ್ಟುಬಂದೆ. ಕಾಸಿಗಲ್ಲ, ಬರೀ ಹಟಕ್ಕೆ. ಮಧ್ಯಾಹ್ನ ವಾಪಸು ಬಂದು, ಕಾಗದವನ್ನು ಬೀರುವಿಗೆ ಸೇರಿಸಿ, ಆಟಕ್ಕೆ ಕೂತೆ.

ಆ ಆಟದಲ್ಲಿ ನಾವೊಂದು ರಾಜ್ಯ ಆಳಬೇಕು. ಸುತ್ತಲ ರಾಜರನ್ನೆಲ್ಲ ಕಂಪ್ಯೂಟರೇ ಆಡಿಸುತ್ತದೆ. ನಾವು ಮಾಡಿದ್ದನ್ನೆಲ್ಲ ಅವರು ನೆನಪಿಡುತ್ತಾರೆ. ಅವರ ಮುಖದ ಮೇಲೆ ಮೌಸ್ ಇಟ್ಟರೆ ಪಟ್ಟಿ ಕಾಣುತ್ತದೆ: ಉಡುಗೊರೆ ಕಳಿಸಿದ್ದು ಹಸಿರಿನಲ್ಲಿ, ಗಡಿಗೆ ಸೈನ್ಯ ತಂದದ್ದು ಕೆಂಪಿನಲ್ಲಿ. ಅದನ್ನು ನೋಡಿಕೊಂಡೇ ನಾನು ಎಲ್ಲರನ್ನೂ ಒಲಿಸಿಕೊಳ್ಳುತ್ತಿದ್ದೆ.

ಅವತ್ತು, ಅಷ್ಟು ದಿನ ಸ್ನೇಹದಲ್ಲಿದ್ದ ಪಕ್ಕದ ರಾಣಿ ಇದ್ದಕ್ಕಿದ್ದಂತೆ ಯುದ್ಧ ಸಾರಿದಳು. ಪಟ್ಟಿ ನೋಡಿದೆ. ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಕೆಂಪು ಸಾಲು: ನಂಬಿ ಇಡಲು ಕೊಟ್ಟದ್ದನ್ನು ನೀನು ಹೊರಗಿನವರಿಗೆ ಕೊಟ್ಟೆ. ಆಟದಲ್ಲಿ ಅಂಥ ಕೆಲಸವೇ ಇಲ್ಲ! ಥತ್ ಎಂದು ಅದನ್ನು ಮುಚ್ಚಿ ಹೊಸ ಆಟ ಶುರು ಮಾಡಿದೆ. ಹೊಸ ಭೂಪಟ, ಹೊಸ ರಾಜ. ನನ್ನಿಂದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಕಾಣದವನು. ಮೊದಲ ಭೇಟಿಯಲ್ಲೇ ಅವನ ಪಟ್ಟಿಯಲ್ಲೂ ಅದೊಂದೇ ಸಾಲು. ಮೌಸ್ ಬಿಟ್ಟು ಕುರ್ಚಿ ಹಿಂದೆ ಸರಿಸಿದೆ.

ಅಷ್ಟರಲ್ಲಿ ಅಣ್ಣ ಒಳಗೆ ಬಂದ. ಅವನಿಗೆ ಇಂಗ್ಲಿಷ್ ಓದಲು ಬಾರದು.

"ಏನ್ಡಾ, ಮುಖ ಯಾಕೆ ಹಿಂಗಾಗ್ಯದೆ? ಆ ರಾಜ ಏನಂತಾನೆ?"

"ನಾನು ಗಡಿ ದಾಟಿದೆ ಅಂತ ಕೋಪ ಅಣ್ಣಾ."

"ತಪ್ಪು ನಿಂದಾದ್ರೆ ಮನ್ನಿಪ್ಪು ಕೇಳ್ಬಿಡು. ಯಾರಾದ್ರೂ ಬಿಡ್ತಾರೆ."

"ಇದ್ರಾಗೆ ಕ್ಷಮೆ ಕೇಳೋಕೆ ಬಟನ್ ಇಲ್ಲ," ಎಂದೆ. ಆಗಲೇ ಜೆರಾಕ್ಸ್ ವಿಷಯ ಹೇಳಿದ್ದರೆ ಆ ವ್ಯಾಪಾರಿಯನ್ನು ತಡೆಯಲು ಇನ್ನೂ ಹೊತ್ತಿತ್ತು. ನಾನೆಂಥ ಪಾಪಿ!

ಮದುವೆಯ ದಿನ ಗಂಡಿನ ಕಡೆಯ ಹೆಂಗಸೊಬ್ಬಳು ಅದೇ ಸೆರಗು ಹೊದ್ದು ಮಂಟಪಕ್ಕೆ ಬಂದಳು. ಅಣ್ಣನ ಮಗಳು ಅವಳನ್ನು ನೋಡಿದಳು, ಆಮೇಲೆ ತನ್ನ ಸೆರಗನ್ನು ನೋಡಿಕೊಂಡಳು. ಅಣ್ಣ ಕೂಗಾಡಲಿಲ್ಲ. ನೇರ ನನ್ನ ಬಳಿ ಬಂದು, "ಬೀರು ಚಾವಿ ಕೊಡು," ಎಂದ. ಕೊಟ್ಟೆ. ವಾರದೊಳಗೆ ಮನೆಯ ನಡುವೆ ಗೋಡೆ ಎದ್ದಿತು.

ಆ ಆಟ ಆಡುವ ಎಷ್ಟೋ ಜನರನ್ನು ವಿಚಾರಿಸಿದ್ದೇನೆ. ಅಂಥ ಸಾಲನ್ನು ಯಾರೂ ಕಂಡಿಲ್ಲ, ನನಗೂ ಮತ್ತೆ ಕಾಣಲಿಲ್ಲ. ಆ ಯಂತ್ರಕ್ಕೆ ಹೇಗೆ ತಿಳಿಯಿತೋ ಇವತ್ತಿಗೂ ಅರ್ಥವಾಗಿಲ್ಲ. ಹೇಳಿಕೊಂಡರೆ ಅಣ್ಣನೊಬ್ಬನಿಗೇ ಹೇಳಿಕೊಳ್ಳಬೇಕು. ಅವನು ನನ್ನ ಜೊತೆ ಮಾತು ಬಿಟ್ಟು ಐದು ವರ್ಷವಾಯಿತು.