ಟಾಕಿ ಕೆಲಸದ ಬಿಲ್

ನಮ್ಮ ಸೊಸೈಟಿಯ ಹನ್ನೆರಡು ಮನೆಗಳಲ್ಲಿ ಕನ್ನಡದವು ಎರಡೇ. ಮೂರನೆಯ ಮಹಡಿಯಲ್ಲಿ ಒಬ್ಬಳೇ ಇದ್ದ ನನ್ನದೊಂದು, ಕೆಳಗೆ ಕಾಕಾ ಮತ್ತು ಕಾಕು ಇದ್ದ ಮನೆ ಇನ್ನೊಂದು. ಕಾಕಾ ದೌಂಡದಲ್ಲಿ ರೈಲ್ವೆ ನೌಕರಿ ಮುಗಿಸಿ ಪುಣೆಗೆ ಬಂದವರು, ಮೂಲತಃ ನನ್ನಂತೆ ಧಾರವಾಡದ ಕಡೆಯವರು. ನಮ್ಮ ನಡುವೆ ನಂಟೇನೂ ಇರಲಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಮರಾಠಿ ಆಡಿ ದಣಿದ ನನಗೆ ರವಿವಾರ ಅವರ ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತ ಆಡಿದ್ದೇ ವಾರದ ಕನ್ನಡ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮಲಗುವ ಕೋಣೆಯ ಮೇಲಿದ್ದ ನೀರಿನ ಟಾಕಿ ಸೋರತೊಡಗಿತು. ಕೋಣೆಯ ಛಾವಣಿಯಲ್ಲಿ ಹಳದಿ ಕಲೆ ಮೂಡಿ ದಿನೇ ದಿನೇ ಅಗಲವಾಯಿತು. ಎರಡು ಕಂಪನಿಗಳವರು ಬಂದು ನೋಡಿ ಹೇಳಿದ ದರ ಸೊಸೈಟಿಯ ಕೈಗೆ ನಿಲುಕುವಂತಿರಲಿಲ್ಲ. ಅರ್ಧಕ್ಕರ್ಧ ಮನೆಗಳ ನಿರ್ವಹಣಾ ಶುಲ್ಕ ಬಾಕಿ ಇತ್ತು. ಆಗ ಖಜಾಂಚಿಯಾಗಿದ್ದವರು ಕಾಕಾ.

“ಕಂಪನಿಯವ್ರಿಗೆ ಕೊಡೂದಂದ್ರ ಅವರ ಟೈಗೆ ರೊಕ್ಕಾ ಕೊಟ್ಹಂಗ,” ಎಂದರು. “ನಮ್ಮ ಗೌಂಡಿ ಒಬ್ಬ ಅದಾನ ತಂಗಿ, ಯಾದಗಿರಿ ಕಡೆಯವ. ಸಿಮೆಂಟಿನ ಜೋಡಿ ಮಾತಾಡ್ತಾನ ಅವ.”

ಆ ಗೌಂಡಿ ನಾಲ್ಕು ದಿನ ಟಾಕಿಯೊಳಗೆ ಇಳಿದು ಕೆಲಸ ಮಾಡಿದ. ಅವನಿಗೆ ಚಹಾ ಒಯ್ದು ಕೊಡುತ್ತಿದ್ದವಳು ನಾನು. “ಇನ್ನ ಒಂದು ಹನಿ ಬಿದ್ರ ಹುಡುಕ್ಕೊಂಡು ಬಂದು ಬೈರಿ ಅಕ್ಕಾರ,” ಎಂದು ನಗುತ್ತಿದ್ದ. ಅವನಿಗೆ ಓದು ಬರಹ ಇರಲಿಲ್ಲ, ಬಿಲ್ ಪುಸ್ತಕವೂ ಇರಲಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಈ ಒಂದು ಮಾತನ್ನು ಮಾತ್ರ ನೆನಪಿನ ಮೇಲೆ ಹಾಕಿ ತಪ್ಪಿಸಿಕೊಳ್ಳಲಾರೆ.

ವಾರ್ಷಿಕ ಸಭೆಯ ದಿನ ಮೆಟ್ಟಿಲಲ್ಲಿ ಸೊಸೈಟಿಯ ಅಧ್ಯಕ್ಷರು ಮರಾಠಿಯಲ್ಲಿ ತಮಾಷೆ ಮಾಡಿದರು: “ಖಜಾಂಚಿ ಕಾನಡಿ, ಗೌಂಡಿ ಕಾನಡಿ, ಸೋರಿದ್ದು ಕಾನಡಿ ಮ್ಯಾಡಮ್ ಮನೆ. ಲೆಕ್ಕ ಓದೋಕೆ ನಾವೂ ಕಾನಡಿ ಕಲಿಯಬೇಕು!” ಜೊತೆಗಿದ್ದವರು ನಕ್ಕರು. ನಾನೂ ನಕ್ಕೆ.

ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕಾಕಾ ಖರ್ಚು ಓದಿದರು. ಟಾಕಿಯ ಸಾಲು ಬಂದಾಗ ನಾನು ಎದ್ದು ನಿಂತೆ. “ಬಿಲ್ ಕುಠೇ ಆಹೇ, ಖಜಿನದಾರ್ ಸಾಹೇಬ್?” ಬಿಲ್ ಎಲ್ಲಿದೆ ಎಂದು ಮರಾಠಿಯಲ್ಲಿ ಕೇಳಿದೆ. ಅವರನ್ನು ಕಾಕಾ ಎನ್ನಲಿಲ್ಲ.

ಅವರು ಕನ್ನಡಕ ತೆಗೆದು ಒರೆಸಿಕೊಂಡರೆಂದು ನನ್ನ ನೆನಪು. “ಬಿಲ್ ನಾಹೀ,” ಎಂದಷ್ಟೇ ಹೇಳಿ ಕುಳಿತರು. ನಾನು ಬರೆಯುತ್ತಿದ್ದ ಡೈರಿಯಲ್ಲಿ ಕನ್ನಡಕದ ಮಾತಿಲ್ಲ. ಆ ದಿನದ ಪುಟದಲ್ಲಿರುವುದು ಇಷ್ಟೇ: “ಸಭೆ. ಟಾಕಿಯ ಬಿಲ್ ಬಗ್ಗೆ ಕೇಳಿದೆ. ವಡೆ ತಣ್ಣಗಿತ್ತು.”

ಇನ್ನು ಮುಂದೆ ಅಚ್ಚಾದ ಬಿಲ್ ಇಲ್ಲದೆ ಯಾವ ಖರ್ಚೂ ಕೂಡದು, ತಿಂಗಳ ಲೆಕ್ಕ ನೋಟಿಸ್ ಬೋರ್ಡಿಗೆ ಬರಬೇಕು ಎಂದು ಠರಾವಾಯಿತು. ಒಳ್ಳೆಯ ನಿಯಮಗಳು, ಇವತ್ತಿಗೂ ಹಾಗೇ ಅನ್ನುತ್ತೇನೆ. ಕಾಕಾ ರಾಜೀನಾಮೆ ಕೊಟ್ಟರು. ಕೇಳಿದವರೇ ನೋಡಿಕೊಳ್ಳಲಿ ಎಂದು ನನ್ನನ್ನು ಖಜಾಂಚಿ ಮಾಡಿದರು.

ಮುಂದಿನ ರವಿವಾರ ಎಂದಿನಂತೆ ಕೆಳಗಿಳಿದೆ. ಕಾಕು ಬಾಗಿಲನ್ನು ಅರ್ಧ ತೆಗೆದರು.

“ಅವ್ರು ಮಲಗ್ಯಾರ.”

ಒಳಗೆ ಟಿವಿ ನಡೆದಿತ್ತು. ಕಾಕಾರ ಕೆಮ್ಮೂ ಕೇಳಿಸಿತು.

“ಅಡಿಗಿಮನ್ಯಾಗ ಕುಂತು ಕೇಳಿದ್ರ ಆಗ್ತಿರಲಿಲ್ಲೇನ ತಂಗಿ? ಪಾರ್ಕಿಂಗಿನ್ಯಾಗ ಮರಾಠಿಯವ್ರ ಗತೆ ನಿಂತು ಕೇಳಿದಿ.”

ಭಾಷೆಯ ಸಲುವಾಗಿ ನಾನು ಕಾಕಾರ ಪಕ್ಷ ವಹಿಸುವವಳಲ್ಲ ಎಂದು ಆ ಹತ್ತು ಮನೆಗಳವರಿಗೆ ತೋರಿಸಬೇಕಿತ್ತು ಎಂದು ಹೇಗೆ ಹೇಳಲಿ? ಈ ಕಾರಣ ಆಗಲೇ ತಿಳಿದಿತ್ತೋ, ಆಮೇಲೆ ಕಟ್ಟಿಕೊಂಡೆನೋ, ಅದೂ ಗೊತ್ತಿಲ್ಲ.

ಆ ವಾರವೇ ಕಾಕಾ ಲೆಕ್ಕದ ಪುಸ್ತಕಗಳನ್ನೂ ಕಾಗದಪತ್ರಗಳ ಬಿಸ್ಕೀಟು ಡಬ್ಬಿಯನ್ನೂ ತಂದುಕೊಟ್ಟರು. “ಮೋಜೂನ್ ಘ್ಯಾ, ಮ್ಯಾಡಮ್.” ಎಣಿಸಿ ತಗೊಳ್ಳಿ ಎಂದರು. ಅಂದಿನಿಂದ ನನ್ನ ಜೊತೆ ಅವರದು ಮರಾಠಿಯೇ. ಸಿಟ್ಟಿನ ಮಾತಲ್ಲ, ಅಂಚೆಯವನ ಜೊತೆ ಆಡುವಂಥ ಮರಾಠಿ.

ಕೆಲವು ತಿಂಗಳ ಮೇಲೆ ಹಳೆಯ ಕಾಗದ ಬೇರ್ಪಡಿಸುವಾಗ ಡಬ್ಬಿಯ ತಳದಲ್ಲಿ ಒಂದು ಅರ್ಧ ಹಾಳೆ ಸಿಕ್ಕಿತು. ಟಾಕಿ ಕೆಲಸದ ಪೂರ್ತಿ ಹಣ ಮುಟ್ಟಿದೆ ಎಂದು ಕಾಕಾರ ಕೈಬರಹದ ಕನ್ನಡ. ಅದರ ಕೆಳಗೆ ಗೌಂಡಿಯ ಹೆಬ್ಬೆಟ್ಟು. ಅದರ ಕೆಳಗೆ ‘ಸಾಕ್ಷಿ’, ಮತ್ತು ನನ್ನ ರುಜು. ಉತ್ತರಪತ್ರಿಕೆ ತಿದ್ದುವ ನನ್ನ ಹಸಿರು ಪೆನ್ನಿನದೇ ಶಾಯಿ.

ಚಹಾದ ಕಪ್ ನೆನಪಿದೆ, ಗೌಂಡಿಯ ನಗು ನೆನಪಿದೆ, ಈ ಕಾಗದ ನೆನಪಿಲ್ಲ. ನಿಜವಾಗಿ ಮರೆತಿದ್ದೆನೋ, ಎದ್ದು ನಿಂತ ಗಳಿಗೆಗೆ ಬೇಕಾಗಿ ಮರೆತೆನೋ? ಸಭೆಯಲ್ಲಿ ಕಾಕಾ ಈ ಹಾಳೆಯನ್ನು ಎತ್ತಿ ಹಿಡಿದಿದ್ದರೆ ನನ್ನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಎತ್ತಲಿಲ್ಲ. ಅವರೂ ಮರೆತಿರಬಹುದು ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಂಡರೆ ನನಗೆ ಹಗುರಾಗುತ್ತದೆ, ಅದಕ್ಕೇ ಅದನ್ನು ನಂಬುವುದಿಲ್ಲ.

ಆ ತಿಂಗಳ ಲೆಕ್ಕದ ಪಕ್ಕದಲ್ಲೇ ಹಾಳೆಯನ್ನೂ ಬೋರ್ಡಿಗೆ ಚುಚ್ಚಿದೆ. ಕೆಳಗೆ ಅದರ ಮರಾಠಿ ಅನುವಾದ ಬರೆದು, ಸಾಕ್ಷಿ ನಾನೇ, ಸಭೆಯಲ್ಲಿ ಇದನ್ನು ಹೇಳಲಿಲ್ಲ ಎಂದು ಸೇರಿಸಿದೆ. ಅಧ್ಯಕ್ಷರು ಹೋಗುತ್ತ ಒಮ್ಮೆ ನೋಡಿ, “ಹಳೇ ಲೆಕ್ಕ ಪಾಸಾಗಿದೆಯಲ್ಲ ಮ್ಯಾಡಮ್, ಜಾಗ ಯಾಕೆ ಹಾಳು?” ಎಂದರು. ಬೇರೆ ಯಾರೂ ಓದಿದ್ದು ಕಾಣಲಿಲ್ಲ.

ಕಾಕಾ ಓದಿದರು. ಬೆಳಿಗ್ಗೆ ಹಾಲು ತರಲು ಹೊರಟವರು ಬೋರ್ಡಿನ ಮುಂದೆ ನಿಂತರು. ನಾನು ನೀರಿನ ಪಂಪಿನ ಬಿಲ್ ಚುಚ್ಚಲು ಅದರ ಗಾಜಿನ ಬಾಗಿಲು ತೆರೆದು ನಿಂತಿದ್ದೆ. ಕೆಳಗಿನ ಸಾಲಿನವರೆಗೂ ಓದಿ ಕೇಳಿದರು:

“ಟಾಕೀ ಗಳತೇ ಕಾ ಆತಾ?” ಈಗಲೂ ಸೋರುತ್ತದೆಯೇ ಎಂದು.

“ಇಲ್ಲ ಕಾಕಾ,” ಎಂದೆ ಕನ್ನಡದಲ್ಲಿ. “ಒಂದು ಹನೀನೂ ಇಲ್ಲ.”

“ಬರಂ,” ಸರಿ ಎಂದು ತಲೆಯಾಡಿಸಿ ಹಾಲಿನ ಚೀಲ ಬೀಸುತ್ತ ಗೇಟಿನತ್ತ ನಡೆದರು.

ಹಾಲಿನಂಗಡಿಯಿಂದ ಅವರು ಬರುವುದಕ್ಕೆ ಹತ್ತು ನಿಮಿಷ ಬೇಕು. ಬಿಲ್ ಚುಚ್ಚಿ ಆಗಿತ್ತು. ನಾನು ಗಾಜಿನ ಬಾಗಿಲಿಗೆ ಕೀಲಿ ಹಾಕದೆ ಅಲ್ಲೇ ನಿಂತೆ.