ರಾಜೀನಾಮೆ ಕೊಡು ಎಂದವಳು ನಾನು

ಸ್ಯಾನ್ ಡಿಯೇಗೊದ ವಿದ್ಯಾರ್ಥಿ ವಸತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸ್ಪೇನಿನವನಿಗೆ ರಾಜಕೀಯದ ಅಆಇಈ ಕಲಿಸಿದವಳು ನಾನು. ಜಂಬ ಅಂದುಕೊಂಡರೂ ಅಡ್ಡಿಯಿಲ್ಲ. 2020ರ ಲಾಕ್‌ಡೌನಿನಲ್ಲಿ ಲಾಂಡ್ರಿ ರೂಮಿಗೆ ಬೀಗ ಬಿದ್ದಾಗ ನಿವಾಸಿಗಳ ಪ್ರತಿನಿಧಿಯೊಬ್ಬರು ಬೇಕಾಯಿತು. ನನಗೆ ಥೀಸಿಸ್ ಮುಗಿಸುವ ಅವಸರ, ಅವನನ್ನು ನಿಲ್ಲಿಸಿದೆ. ಮಾಸ್ಕ್ ಹಾಕಿಸಿ ಬಾಗಿಲಿಂದ ಬಾಗಿಲಿಗೆ ಕರೆದೊಯ್ದು, "ವೋಟು ಕೇಳಬೇಡ, ಕಷ್ಟ ಕೇಳು" ಎಂದೆ. ಮೈಸೂರಿನ ಕಾಲೇಜಿನಲ್ಲಿ ಎರಡು ಸಲ ಯೂನಿಯನ್ ಚುನಾವಣೆ ಗೆದ್ದವಳಿಗೆ ಅಷ್ಟು ಗೊತ್ತಿತ್ತು. ಅವನು ಗೆದ್ದ, ಬೀಗ ತೆಗೆಸಿದ.

ಮರುವರ್ಷ ಊರಿಗೆ ಮರಳಿ ತಮ್ಮ ಪ್ರಾಂತ್ಯದ ಸಣ್ಣದೊಂದು ಪಕ್ಷ ಸೇರಿದ. ಮೊದಲು ಪ್ರಾಂತ್ಯದ ಶಾಸನಸಭೆ, ಆಮೇಲೆ ಪಕ್ಷದ ನಾಯಕ, ಕೊನೆಗೆ ಇನ್ನೊಂದು ಪಕ್ಷದ ಬೆಂಬಲದಿಂದ ಪ್ರಾಂತ್ಯ ಸರ್ಕಾರದ ಮುಖ್ಯಸ್ಥ. ಒಂದೊಂದು ಮೆಟ್ಟಿಲಿಗೂ ನನಗೊಂದು ಫೋಟೊ. ಅಷ್ಟರಲ್ಲಿ ನಾನು ಸ್ಯಾನ್ ಡಿಯೇಗೊ ಪಕ್ಕದ ಪೊವೇ ಎಂಬ ಊರಿನ ಕಂಪನಿಯೊಂದರಲ್ಲಿ ಸೆನ್ಸರ್‌ಗಳನ್ನು ಪರೀಕ್ಷೆ ಮಾಡುತ್ತಿದ್ದೆ. ಇಲ್ಲಿ ನನಗೆ ವೋಟಿಲ್ಲ, ಮೈಸೂರಿನ ಪಟ್ಟಿಯಿಂದಲೂ ನನ್ನ ಹೆಸರು ಹೋಗಿತ್ತು.

ಹೊಟ್ಟೆ ಉರಿಯಿತು. ಅವನ ಕುರ್ಚಿ, ಕಾರು ನೋಡಿ ಅಲ್ಲ. ಒಂದು ವಿಡಿಯೊದಲ್ಲಿ ಮುದುಕಿಯೊಬ್ಬಳು ಅವನನ್ನು ರಸ್ತೆಯಲ್ಲಿ ನಿಲ್ಲಿಸಿ, ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಬೈಯುತ್ತಿದ್ದಳು. ಅವನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ. ಹಾಗೆ ಬೈಸಿಕೊಳ್ಳುವ ಯೋಗ ನನ್ನದಾಗಬೇಕಿತ್ತು.

ಗಂಡ ನಕ್ಕ. "ಎಷ್ಟನೇ ಸಲ ನೋಡ್ತಿದೀಯ ಅದನ್ನ? ನಿಂಗೆ ಹೊಟ್ಟೆಕಿಚ್ಚು ಕಣೇ."

"ಹೌದು, ಏನಿವಾಗ?" ಎಂದೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿದ್ದಾಗ ಅವನ ಫೋನು ಬಂತು. ಬೆಟ್ಟದ ಊರಿನ ಆಸ್ಪತ್ರೆ ಮುಚ್ಚಲು ಸಹಿ ಹಾಕದಿದ್ದರೆ ಬೆಂಬಲ ವಾಪಸ್ ಎಂದು ಜೊತೆಗಿದ್ದ ಪಕ್ಷ ಹೆದರಿಸಿತ್ತು. "ಸಹಿ ಹಾಕಲಾರೆ. ರಾಜೀನಾಮೆ ಕೊಡಲಾ?" ಎಂದು ಕೇಳಿದ.

ಉತ್ತರ ನನಗೆ ಆ ಕ್ಷಣವೇ ಹೊಳೆದಿತ್ತು. ಸಹಿಯೂ ಬೇಡ, ರಾಜೀನಾಮೆಯೂ ಬೇಡ. ಕೂತಿರು, ಸಭೆಯಲ್ಲಿ ಎಲ್ಲರೆದುರು ಅವರೇ ಕೈಯೆತ್ತಿ ನಿನ್ನನ್ನು ಇಳಿಸಲಿ. ಆಸ್ಪತ್ರೆಗಾಗಿ ಅಷ್ಟು ಬಹಿರಂಗವಾಗಿ ಕೆಟ್ಟವರಾಗುವ ಧೈರ್ಯ ಅವರಿಗಿರಲಿಲ್ಲ. ಕಾಲೇಜಿನಲ್ಲಿ ಇದೇ ಪಟ್ಟು ಹಾಕಿ ನಾನು ಉಳಿದುಕೊಂಡಿದ್ದೆ.

"ಕೊಟ್ಟುಬಿಡು. ಮರ್ಯಾದೆ ದೊಡ್ಡದು" ಎಂದೆ.

ಅವನು ಕೊಟ್ಟುಬಿಟ್ಟ. ಮುಂದೆ ಬಂದವರು ತಿಂಗಳೊಪ್ಪತ್ತಿನಲ್ಲಿ ಆಸ್ಪತ್ರೆ ಮುಚ್ಚಿದರು. ಆ ಸುದ್ದಿ ಓದಿದ ದಿನ ನಾನು ಊಟ ಬಿಡಲಿಲ್ಲ, ಚೆನ್ನಾಗಿಯೇ ಉಂಡೆ.

ಈ ವರ್ಷ ಲಾಸ್ ಏಂಜಲೀಸಿನ ಯೂನಿವರ್ಸಿಟಿಯೊಂದಕ್ಕೆ ಭಾಷಣ ಮಾಡಲು ಬಂದವನು ನನ್ನನ್ನು ನೋಡಲೆಂದೇ ಸ್ಯಾನ್ ಡಿಯೇಗೊದ ಕರ್ನಿ ಮೆಸಾದವರೆಗೆ ಡ್ರೈವ್ ಮಾಡಿಕೊಂಡು ಬಂದ. ಕೂದಲು ನೆರೆತಿತ್ತು. ಊಟ ಮಾಡುತ್ತಾ ಹೇಳಿದ: "ಅವತ್ತು ಹತ್ತು ಜನರನ್ನು ಕೇಳಿದೆ. ಎಲ್ಲರಿಗೂ ನನ್ನಿಂದ ಏನೋ ಆಗಬೇಕಿತ್ತು. ಏನೂ ಆಗಬೇಕಿಲ್ಲದವಳು ನೀನೊಬ್ಬಳೇ. ಅದಕ್ಕೇ ನಿನ್ನ ಮಾತು ಕೇಳಿದೆ."

ತಟ್ಟೆ ಪಕ್ಕಕ್ಕೆ ಸರಿಸಿದೆ. ಈಗಲಾದರೂ ನಿಜ ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅವನೇ, "ಮತ್ತೆ ಚುನಾವಣೆಗೆ ನಿಲ್ಲುತ್ತಿದ್ದೇನೆ. ಈ ಸಲ ಮೊದಲಿಂದಲೂ ನಿನ್ನನ್ನು ಕೇಳಿಯೇ ಮಾಡುತ್ತೇನೆ" ಎಂದ.

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಖುಷಿ.